ತೊಂಬತ್ತನೆಯ ದಿನ

ಅಕ್ಟೋಬರ್ 17

ಅಪ್ಪಾ,

ಕಾಗದ ಕಂಡು ಗಾಬರಿ ಬೀಳಬೇಡಿ. ನನಗೇನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದ್ದೇನೆ. ಫೋನಿನಲ್ಲಿ ನಾವಿಬ್ಬರೂ ಎರಡನೇ ನಿಮಿಷಕ್ಕೇ ಜಗಳಕ್ಕೆ ನಿಲ್ಲುತ್ತೇವೆ. ನೀವು "ದುಡುಕಿಬಿಟ್ಟೆ ನೀನು" ಅನ್ನುತ್ತೀರಿ, ನಾನು "ಯಾರು ದುಡುಕಿದ್ದು?" ಅನ್ನುತ್ತೇನೆ, ಮೂರನೇ ನಿಮಿಷಕ್ಕೆ ಫೋನು ತಮ್ಮನ ಕೈಯಿಂದ ಅತ್ತೆಯ ಕೈಗೆ ಹೋಗಿರುತ್ತದೆ. ನಾನು ಈ ದೇಶಕ್ಕೆ ಬಂದ ಐದು ವರ್ಷದಿಂದಲೂ ಇದೇ ಕಥೆ. ಕಾಗದದಲ್ಲಾದರೆ ಒಬ್ಬರು ಹೇಳಿ ಮುಗಿಸುವವರೆಗೆ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಇಲ್ಲಿ ನಮ್ಮಂಥ ಪರದೇಶದವರು ತೊಂಬತ್ತು ದಿನಕ್ಕೊಮ್ಮೆ ವಲಸೆ ಕಚೇರಿಗೆ ಹೋಗಿ, ಇಂಥ ವಿಳಾಸದಲ್ಲೇ ಇದ್ದೇನೆ, ಇಂಥ ಕೆಲಸವನ್ನೇ ಮಾಡುತ್ತಿದ್ದೇನೆ ಎಂದು ಬರೆದುಕೊಟ್ಟು ಬರಬೇಕು. ಅವರು ಒಂದು ಚೀಟಿಗೆ ಆ ದಿನದ ಮುದ್ರೆ ಒತ್ತಿ ಕೊಡುತ್ತಾರೆ. ಮುಂದಿನ ತೊಂಬತ್ತನ್ನು ಎಣಿಸಿಕೊಳ್ಳುವುದು ನಮ್ಮ ತಲೆನೋವು. ತಡವಾಗಿ ಹೋದರೆ ಹೆಸರಿನ ಪಕ್ಕ ಕೆಂಪು ಗುರುತು ಬೀಳುತ್ತದೆ. ಪ್ರತಿ ಮೇ ತಿಂಗಳಲ್ಲಿ ನಮ್ಮ ವೀಸಾವನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿಕೊಳ್ಳಬೇಕು. ಅಷ್ಟರೊಳಗೆ ಮೂರು ಗುರುತು ಬಿದ್ದಿದ್ದರೆ ವಿಚಾರಣೆಗೆ ಕರೆಯುತ್ತಾರೆ. ಅವರಿಗೆ ಸರಿಕಾಣದಿದ್ದರೆ ಹದಿನೈದು ದಿನದಲ್ಲಿ ಗಂಟುಮೂಟೆ ಕಟ್ಟಬೇಕು.

ನನಗೆ ಎರಡು ಬಿದ್ದಿವೆ. ಮೊದಲನೆಯದು, ತೊಂಬತ್ತು ದಿನ ಅಂದರೆ ಮೂರು ತಿಂಗಳು ಎಂದುಕೊಂಡಿದ್ದಕ್ಕೆ. ಎರಡನೆಯದು ಮೊನ್ನೆ ಹದಿನಾಲ್ಕಕ್ಕೆ. ಆಸ್ಪತ್ರೆಯೊಂದು ನಮ್ಮ ಕಟ್ಟುಹಲ್ಲಿನ ಲ್ಯಾಬಿಗೆ ಒಟ್ಟಿಗೆ ನಲವತ್ತು ಸೆಟ್ಟು ಹಲ್ಲು ಮಾಡಿಕೊಡಲು ಕೇಳಿತ್ತು. ಮೇಣದಲ್ಲಿ ವಸಡು ತಿದ್ದುತ್ತಾ ಕೂತವಳಿಗೆ ಯಾವ ದಿನ, ಯಾವ ವಾರ ಒಂದೂ ತಿಳಿಯಲಿಲ್ಲ.

ಹೊಸ ಫಾರಂನಲ್ಲಿ, ಊರಿನಲ್ಲಿ ಯಾರನ್ನು ಸಂಪರ್ಕಿಸಬೇಕು ಎಂದು ಕೇಳಿದ್ದಾರೆ. ಇದುವರೆಗೆ ಅತ್ತೆಯ ಹೆಸರು ಬರೆಯುತ್ತಿದ್ದೆ. ಈ ಸಲ ತಂದೆ ಅಥವಾ ತಾಯಿಯದೇ ಆಗಬೇಕಂತೆ. ಅಮ್ಮ ಇಲ್ಲ. ನಿಮ್ಮ ಹೆಸರು ಬರೆದಿದ್ದೇನೆ. ಸರ್ಕಾರದ ಲಕೋಟೆ ಬಂದರೆ ಎದೆ ಹಿಡಿದುಕೊಳ್ಳಬೇಡಿ ಅಂತ ಮೊದಲೇ ತಿಳಿಸುತ್ತಿದ್ದೇನೆ.

ಅತ್ತೆಗೆ ನಮಸ್ಕಾರ ಹೇಳಿ.

ಇತಿ,
ನಿಮ್ಮ ಮಗಳು

•

ಅಕ್ಟೋಬರ್ 31

ಚಿ. ಸೌ. ಮಗಳಿಗೆ ತಂದೆಯ ಆಶೀರ್ವಾದಗಳು.

ನಿನ್ನ ಪತ್ರ ಹನ್ನೆರಡು ದಿನಕ್ಕೆ ತಲುಪಿತು. ಅಂಚೆಯವರು ಸುಧಾರಿಸಿದ್ದಾರೆ.

ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿದ್ದವನ ಮಗಳು ನೀನು. ದಿನಕ್ಕೆ ಇನ್ನೂರ ಹದಿನಾಲ್ಕು ಬಸ್ಸುಗಳನ್ನು ಒಳಗೆ ಬಿಟ್ಟು ಹೊರಗೆ ಕಳಿಸಿದ ಕೈ ಇದು. ನಿನಗೆ ತೊಂಬತ್ತು ದಿನಕ್ಕೊಂದು ಬಸ್ಸು ಹಿಡಿಯಲು ಆಗುವುದಿಲ್ಲವೇ? ಎರಡು ಕೆಂಪು ಗುರುತಂತೆ! ನಮ್ಮ ಡಿಪೋದಲ್ಲಾಗಿದ್ದರೆ ಅಂಥ ಚಾಲಕನನ್ನು ಗ್ಯಾರೇಜಿಗೆ ಹಾಕಿ ಟೈರು ಉರುಳಿಸಲು ಹಚ್ಚುತ್ತಿದ್ದೆ.

ಇನ್ನು ಮುಂದೆ ನಿನ್ನ ವೇಳಾಪಟ್ಟಿ ನನ್ನ ಜವಾಬ್ದಾರಿ. ಹೊರಡಬೇಕಾದ ದಿನವನ್ನು ನಾನು ಬರೆದು ತಿಳಿಸುತ್ತೇನೆ. ನೀನು ಆ ದಿನ ಹೊರಟರೆ ಸಾಕು. ನಿನ್ನ ಅತ್ತೆಯ ಹಿಟ್ಟಿನ ಗಿರಣಿಯಲ್ಲಿ ಸೇರು, ಕೆ.ಜಿ. ಬರೆಯುವ ಕರಿಹಲಗೆ ಇದೆಯಲ್ಲ, ಅದರ ಮೂಲೆಯಲ್ಲಿ ನಿನಗೊಂದು ಜಾಗ ಮಾಡಿದ್ದೇನೆ. ಅವಳು, "ನನ್ನ ಹಲಗೆ ಮೇಲೆ ನಿನ್ನದೇನೋ ಕಾರುಬಾರು?" ಎಂದು ರೇಗಿದಳು. ಮಗಳ ಲೆಕ್ಕ ಅಂದಮೇಲೆ ಸುಮ್ಮನಾದಳು. ಈಗ ಬಂದವರಿಗೆಲ್ಲ ತಾನೇ ತೋರಿಸುತ್ತಾಳೆ.

ಸಂಪರ್ಕಕ್ಕೆ ನನ್ನ ಹೆಸರು ಬರೆದದ್ದು ಸರಿ. ಮೊದಲೇ ಬರೆಯಬಹುದಿತ್ತು.

ಇಂತು,
ನಿನ್ನ ತಂದೆ

•

ನವೆಂಬರ್ 16

ಅಪ್ಪಾ,

ವೇಳಾಪಟ್ಟಿ ನಿಮಗೇ ಒಪ್ಪಿಸಿದ್ದೇನೆ. ಆದರೆ ಒಂದು ಮಾತು. ನನ್ನ ಹೆಸರಿನ ಹಿಂದೆ ಆ 'ಸೌ.' ಬೇಡ. ಆ ಮನೆ ಬಿಟ್ಟು ಏಳು ವರ್ಷ, ವಿಚ್ಛೇದನದ ಕಾಗದ ಕೈಗೆ ಬಂದು ಆರು ವರ್ಷ ಆಯಿತು.

ಆ ಕಚೇರಿ ಹೇಗಿರುತ್ತದೆ ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಾಲ್ಕನೇ ಮಹಡಿ. ಲಿಫ್ಟಿದೆ, ಅದು ಸಿಬ್ಬಂದಿಗೆ. ಸಾಲಾಗಿ ನೀಲಿ ಕುರ್ಚಿಗಳು, ಒಂದೊಂದಕ್ಕೂ ಒಂದು ಕಾಲು ಕುಂಟು. ಫಾರಂ ಎರಡು ಪ್ರತಿ, ಪಾಸ್‌ಪೋರ್ಟಿನ ಎಲ್ಲ ಪುಟದ ಜೆರಾಕ್ಸು, ಖಾಲಿ ಪುಟದ್ದೂ ಸೇರಿ. ಜೊತೆಗೆ ಮನೆ ಯಜಮಾನಿಯ ಪತ್ರ. ನಮ್ಮ ಯಜಮಾನಿಗೆ ನಾನಿಟ್ಟ ಹೆಸರು ಬೀಗದಕೈ ಅಮ್ಮ, ಸೊಂಟದಲ್ಲಿ ಸದಾ ಒಂದು ಗೊಂಚಲು. ಪ್ರತಿ ಸಲವೂ, "ಇವಳು ನನ್ನ ಮೂರನೇ ಕೋಣೆಯಲ್ಲಿದ್ದಾಳೆ, ಗಲಾಟೆ ಮಾಡುವುದಿಲ್ಲ" ಎಂದೇ ಬರೆಯುತ್ತಾಳೆ. ಗಲಾಟೆಯ ವಿಷಯ ಯಾರೂ ಕೇಳಿಲ್ಲ ಮಹರಾಯ್ತಿ ಅಂದರೆ, "ಇರಲಿ, ಒಳ್ಳೇದಾಗುತ್ತೆ" ಅನ್ನುತ್ತಾಳೆ.

ಇನ್ನೊಂದು ತಮಾಷೆ. ನಮ್ಮಲ್ಲಿ ಮನೆತನದ ಹೆಸರು ಇಲ್ಲವಲ್ಲ, ಪಾಸ್‌ಪೋರ್ಟಿನಲ್ಲಿ ನನ್ನ ಹೆಸರಾದ ಮೇಲೆ ನಿಮ್ಮ ಹೆಸರಿದೆ. ಇವರು ಮೈಕಿನಲ್ಲಿ ಕೊನೆಯದನ್ನಷ್ಟೇ ಕೂಗುತ್ತಾರೆ. ಅಷ್ಟು ಜನರ ನಡುವೆ ನಿಮ್ಮ ಹೆಸರು ಕೇಳಿಸುತ್ತದೆ, ನಾನು ಎದ್ದು ನಿಲ್ಲುತ್ತೇನೆ. ಮೊದಲ ಸಲ ನೀವೇ ಬಂದುಬಿಟ್ಟಿರೇನೋ ಅಂತ ಹಿಂದೆ ತಿರುಗಿ ನೋಡಿದ್ದೆ. ಈಗ ಅಭ್ಯಾಸವಾಗಿದೆ.

ನನ್ನ ಕೆಲಸ ಹೇಗೆ ಅಂತಲೂ ನೀವು ಯಾವತ್ತೂ ಕೇಳಿಲ್ಲ. ಕಿಟಕಿ ಪಕ್ಕದ ಬೆಂಚು ನನ್ನದು. ಅಚ್ಚು ಬರುತ್ತದೆ, ಬಾಯಿ ಯಾರದೆಂದು ಗೊತ್ತಿರುವುದಿಲ್ಲ. ಆದರೆ ಎಡಗಡೆಯಿಂದ ಅಗಿಯುವವರೋ, ನಿದ್ದೆಯಲ್ಲಿ ಹಲ್ಲು ಕಡಿಯುವವರೋ ಅಂತ ದವಡೆ ನೋಡಿ ಹೇಳಬಲ್ಲೆ. ಮೊನ್ನೆ ಒಬ್ಬ ಅಜ್ಜಿ ಹೊಸ ಸೆಟ್ಟು ಹಾಕಿಕೊಂಡು ಇಲ್ಲಿಗೇ ಬಂದು, ನನ್ನ ಮುಂದೆ ಒಂದು ಸೇಬು ಕಚ್ಚಿ ತೋರಿಸಿ ಹೋದರು. ದಿನವೆಲ್ಲ ಖುಷಿಯಾಗಿದ್ದೆ.

ಇತಿ,
ಮಗಳು

•

ಡಿಸೆಂಬರ್ 1

ಚಿ. ಮಗಳಿಗೆ ಆಶೀರ್ವಾದಗಳು.

ಅಕ್ಟೋಬರ್ ಹದಿನಾಲ್ಕರ ಮುದ್ರೆಗೆ ನಿನ್ನ ತೊಂಬತ್ತನೆಯ ದಿನ ಜನವರಿ ಹನ್ನೆರಡು. ಆ ದಿನ ಹೊರಡು. ಕೊನೆಯ ಎರಡು ವಾರದಲ್ಲಿ ಯಾವಾಗ ಬೇಕಾದರೂ ಹೋಗಬಹುದು ಎಂದು ನೀನು ಫೋನಿನಲ್ಲಿ ಅತ್ತೆಗೆ ಹೇಳಿದೆಯಂತೆ. ಹಾಗೆಲ್ಲ ಮಾಡಬೇಡ. ಬಸ್ಸು ತಡವಾಗಿ ಹೊರಡುವುದು ತಪ್ಪು. ವೇಳೆಗೆ ಮೊದಲೇ ಹೊರಡುವುದು ಅದಕ್ಕಿಂತ ದೊಡ್ಡ ತಪ್ಪು. ತಡವಾದರೆ ಜನ ಬೈದುಕೊಂಡಾದರೂ ಹತ್ತುತ್ತಾರೆ. ಮೊದಲೇ ಹೊರಟರೆ ನಂಬಿ ಬಂದವನು ಖಾಲಿ ಪ್ಲಾಟ್‌ಫಾರಂ ನೋಡುತ್ತಾನೆ. ಹತ್ತು ನಿಮಿಷ ಮೊದಲೇ ಗಾಡಿ ಎತ್ತಿದ ಒಬ್ಬ ಚಾಲಕನ ಮೇಲೆ ನಾನೇ ವರದಿ ಬರೆದಿದ್ದೆ. ಯಾವುದಕ್ಕೂ ಅದರದರ ವೇಳೆ ಇರುತ್ತದೆ.

ನಿನ್ನ ಕೆಲಸದ ವಿಷಯ ಓದಿದೆ. ಎರಡು ಸಲ ಓದಿದೆ. ನಿನ್ನ ಅತ್ತೆ, "ಆ ಸೇಬಿನ ಅಜ್ಜಿ ಕಥೆ ಮತ್ತೆ ಓದು" ಅಂದದ್ದಕ್ಕೆ ಮೂರನೆಯ ಸಲವೂ ಓದಿದೆ.

ನಿಮ್ಮ ಕಚೇರಿಯವರಿಗೆ ನನ್ನ ಹೆಸರನ್ನು ಸರಿಯಾಗಿ ಕೂಗಲು ಬರುತ್ತದೆಯೇ?

ಇಂತು,
ನಿನ್ನ ತಂದೆ

•

ಜನವರಿ 10

ಅಪ್ಪಾ,

ಕ್ಷಮಿಸಿ, ನಿಮ್ಮ ಬಸ್ಸು ಮೂರು ದಿನ ಮೊದಲೇ ಹೊರಟುಬಿಟ್ಟಿತು. ಕಚೇರಿಯಲ್ಲಿ ಹೊಸ ಕಂಪ್ಯೂಟರುಗಳನ್ನು ಜೋಡಿಸುತ್ತಾರಂತೆ, ಹತ್ತನೇ ತಾರೀಕಿನಿಂದ ಹನ್ನೆರಡರವರೆಗೆ ಬಾಗಿಲು ಹಾಕುತ್ತೇವೆ ಎಂದು ಬೋರ್ಡು ಹಾಕಿದ್ದರು. ಅದಕ್ಕೆ ನಿನ್ನೆಯೇ ಹೋಗಿಬಂದೆ. ಒಂಬತ್ತನೇ ತಾರೀಕಿನ ಮುದ್ರೆ. ಗುರುತು ಬೀಳಲಿಲ್ಲ.

ಕೌಂಟರಿನಲ್ಲಿ ಕೂರುವ ಅಧಿಕಾರಿಗೆ ಎರಡು ಕನ್ನಡಕ, ಒಂದು ಮೂಗಿನ ಮೇಲೆ, ಒಂದು ಹಣೆಯ ಮೇಲೆ. ನಿಮ್ಮ ಹೆಸರನ್ನು ಅವರು ಚೆನ್ನಾಗಿಯೇ ಕೂಗುತ್ತಾರೆ. ಕೊನೆಯ ಅಕ್ಷರ ಸ್ವಲ್ಪ ಎಳೆಯುತ್ತಾರೆ ಅಷ್ಟೇ.

'ಯಾವುದಕ್ಕೂ ಅದರದರ ವೇಳೆ ಇರುತ್ತದೆ' ಎಂದು ಬರೆದಿದ್ದೀರಲ್ಲ. ಅದನ್ನು ಓದಿ ಸ್ವಲ್ಪ ಹೊತ್ತು ಕೆಲಸ ಮಾಡಲಾಗಲಿಲ್ಲ. ಆ ಮಾತು ನನಗೆ ಹೊಸದಲ್ಲ. ಇರಲಿ ಬಿಡಿ.

ಇತಿ,
ಮಗಳು

•

ಜನವರಿ 24

ಚಿ. ಮಗಳಿಗೆ,

ಬಾಗಿಲು ಹಾಕಿದ್ದರೆ ಬೇರೆ ದಾರಿಯಿಲ್ಲ. ಈ ಸಲಕ್ಕೆ ಬಿಟ್ಟಿದ್ದೇನೆ.

ಹೊಸ ಲೆಕ್ಕ. ಜನವರಿ ಒಂಬತ್ತು ಹೊರಟ ದಿನ, ಅದು ಎಣಿಕೆಗೆ ಸೇರುವುದಿಲ್ಲ. ಹತ್ತರಿಂದ ಶುರು. ಏಪ್ರಿಲ್ ಒಂಬತ್ತಕ್ಕೆ ಸರಿಯಾಗಿ ತೊಂಬತ್ತು. ಹಲಗೆಯ ಮೇಲೆ ದಿನಕ್ಕೊಂದು ಗೆರೆ ಎಳೆಯುತ್ತಿದ್ದೇನೆ. ನಿನ್ನ ಅತ್ತೆ ಒಮ್ಮೆ ಸೆರಗು ತಗುಲಿಸಿ ಏಳು ಗೆರೆ ಅಳಿಸಿಹಾಕಿದಳು. ಮತ್ತೆ ಮೊದಲಿನಿಂದ ಎಣಿಸಿ ಬರೆದಿದ್ದೇನೆ, ತಪ್ಪಿಲ್ಲ.

ಮೇ ತಿಂಗಳು ಹತ್ತಿರ ಬರುತ್ತಿದೆ. ಈ ಒಂದು ಸಲ ಎಚ್ಚರಿಕೆಯಿಂದಿರು. ಏಪ್ರಿಲ್ ಒಂಬತ್ತು. ಮೊದಲೂ ಅಲ್ಲ, ಆಮೇಲೂ ಅಲ್ಲ.

ಯಾವ ಮಾತು ಹೊಸದಲ್ಲ ಅಂದೆ? ನನಗೆ ಅರ್ಥವಾಗಲಿಲ್ಲ.

ಇಂತು,
ತಂದೆ

•

ಮಾರ್ಚ್ 12

ಅಪ್ಪಾ,

ಅರ್ಥವಾಗದಿದ್ದರೆ ಇನ್ನೊಮ್ಮೆ ಯಾವಾಗಲಾದರೂ ಹೇಳುತ್ತೇನೆ. ನಿಮಗೆ ಅರ್ಥವಾಗಿದೆ ಅಂತ ನನಗನ್ನಿಸುತ್ತದೆ.

ಕೆಲಸ ಮೈಮೇಲೆ ಬಿದ್ದಿದೆ. ಜೊತೆಯವಳು ಹೆರಿಗೆಗೆ ಹೋಗಿದ್ದಾಳೆ, ಅವಳ ಅಚ್ಚುಗಳೂ ನನ್ನ ಬೆಂಚಿಗೇ ಬರುತ್ತಿವೆ. ಏಪ್ರಿಲ್ ಮೂರಕ್ಕೆ ಅರ್ಧ ದಿನ ಬಿಡುವಿದೆ, ಅವತ್ತೇ ಹೋಗಿಬಿಡಲೇ ಅಂದುಕೊಂಡೆ. ಆಮೇಲೆ ಬೇಡ ಅನ್ನಿಸಿತು. ನೀವು ಅಲ್ಲಿ ದಿನಕ್ಕೊಂದು ಗೆರೆ ಎಳೆಯುತ್ತಾ ಕೂತಿದ್ದೀರಿ. ನನಗಾಗಿ ನೀವು ಇಷ್ಟು ಮುತುವರ್ಜಿಯಿಂದ ಏನಾದರೂ ಮಾಡಿದ್ದು ನೆನಪಿಲ್ಲ. ನಿಮ್ಮ ಒಂಬತ್ತನೇ ತಾರೀಕೇ ಇರಲಿ. ಅವತ್ತಿಗೆ ರಜೆ ಕೇಳಿದ್ದೇನೆ.

ಇತಿ,
ಮಗಳು

•

ಏಪ್ರಿಲ್ 10

ಅಪ್ಪಾ,

ಮೊದಲು ಕೂತುಕೊಳ್ಳಿ. ಆಮೇಲೆ ಓದಿ.

ಮೂರನೇ ಗುರುತು ಬಿತ್ತು. ನಿನ್ನೆ ಹೋದೆ. ಎರಡು ಕನ್ನಡಕದವರು ಚೀಟಿ ನೋಡಿದರು, ಬೆರಳು ಮಡಿಸಿದರು, "ನಿನ್ನೆಗೆ ತೊಂಬತ್ತು ಮುಗೀತಲ್ಲಮ್ಮ" ಅಂದರು. ಚೀಟಿಯ ಹಿಂಬದಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ, ಮುದ್ರೆ ಬಿದ್ದ ದಿನವೂ ಸೇರಿ ಎಂದು ಇದೆ. ಇಷ್ಟು ವರ್ಷ ಅದನ್ನು ತಿರುಗಿಸಿಯೂ ನೋಡಿರಲಿಲ್ಲ. ಎಣಿಸುವಾಗ ಎಡವಿದ್ದು ನಾನೇ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಮೇ ಹತ್ತೊಂಬತ್ತಕ್ಕೆ ವಿಚಾರಣೆ. ತಡವಾಗಲು ಕಾರಣ ಏನು, ಯಾರು ಎಂದು ಬರವಣಿಗೆಯಲ್ಲಿ ಕೊಡಬೇಕಂತೆ. ನಾನೇ ಮರೆತೆ ಎಂದು ಬರೆದುಕೊಡುತ್ತೇನೆ. ಮೂರು ಸಲ ಮರೆತವಳನ್ನು ಇಟ್ಟುಕೊಳ್ಳುತ್ತಾರೋ ಬಿಡುತ್ತಾರೋ ಅವರಿಗೆ ಬಿಟ್ಟದ್ದು.

ಭಯವಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಇಲ್ಲಿ ನನ್ನದು ಅಂತ ಇರುವುದು ಕಿಟಕಿ ಪಕ್ಕದ ಒಂದು ಬೆಂಚು, ಒಂದು ದೀಪ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ. ಅಷ್ಟನ್ನು ಕಟ್ಟಿಕೊಳ್ಳುವಷ್ಟರಲ್ಲಿ ನನಗೆ ಮೂವತ್ತೆಂಟಾಯಿತು. ಕಳಿಸಿಬಿಟ್ಟರೆ ಅತ್ತೆಯ ಮನೆ ಇದೆ, ಗೊತ್ತು. ಆದರೆ ಚೀಲ ಹಿಡಿದುಕೊಂಡು ಇನ್ನೊಂದು ಸಲ ಒಬ್ಬರ ಬಾಗಿಲಲ್ಲಿ ನಿಲ್ಲುವುದು ನನ್ನಿಂದಾಗದು ಅಪ್ಪ.

ಬೀಗದಕೈ ಅಮ್ಮ ತನ್ನ ಪತ್ರದಲ್ಲಿ ಈ ಸಲ, "ಗಲಾಟೆ ಮಾಡುವುದೇ ಇಲ್ಲ" ಎಂದು ಒತ್ತಿ ಬರೆದಿದ್ದಾಳೆ.

ಇತಿ,
ಮಗಳು

•

ಏಪ್ರಿಲ್ 22

ಚಿ. ಮಗಳಿಗೆ,

ನೀನೇ ಎಣಿಸಿದೆ ಅಂತ ಯಾಕೆ ಸುಳ್ಳು ಹೇಳುತ್ತೀಯ? ಎಣಿಸಿದವನು ನಾನು. ಹಲಗೆ ನನ್ನ ಕಣ್ಣೆದುರಿಗೇ ಇದೆ.

ಇದರೊಂದಿಗೆ ಅಧಿಕಾರಿಗೆ ಒಂದು ವರದಿ ಲಗತ್ತಿಸಿದ್ದೇನೆ. ಒಂದು ಘಟನೆಗೆ ಒಂದು ಹಾಳೆ ನಮ್ಮ ಡಿಪೋ ಪದ್ಧತಿ, ಹಾಗಾಗಿ ಎರಡು ಹಾಳೆ, ಎರಡಕ್ಕೂ ಸಹಿ ಇದೆ. ಲಕೋಟೆ ಅಂಟಿಸಿದ್ದೇನೆ. ನೀನು ತೆರೆಯಬೇಡ. ನೇರವಾಗಿ ಕೊಡು.

ನಿನ್ನ ಅತ್ತೆ ಎರಡು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಿಡುವುದೇ ಸರಿ.

ತಂದೆ

•

(ಲಗತ್ತು)

ವಲಸೆ ಕಚೇರಿಯ ಮಾನ್ಯ ಅಧಿಕಾರಿಗಳಿಗೆ,

ವಿಷಯ: ವಿಳಂಬದ ಬಗ್ಗೆ ವರದಿ

ಹಾಳೆ ಒಂದು

ನಾನು ತಮ್ಮ ಮುಂದೆ ನಿಂತಿರುವ ಹೆಣ್ಣುಮಗಳ ತಂದೆ, ನಿವೃತ್ತ ಸಂಚಾರ ನಿಯಂತ್ರಕ. ಬಸ್ಸು ತಡವಾದರೆ ಕಾರಣ ಬರೆಯುವುದು ಮೂವತ್ತೊಂದು ವರ್ಷ ನನ್ನ ಕೆಲಸವಾಗಿತ್ತು. ಕಾರಣ ಎಂಬಲ್ಲಿ ಚಾಲಕ, ನಿರ್ವಾಹಕ, ಟೈರು, ರಸ್ತೆ, ಎಮ್ಮೆ ಎಲ್ಲವನ್ನೂ ಬರೆದಿದ್ದೇನೆ. ನಿಯಂತ್ರಕ ಎಂದು ಒಮ್ಮೆಯೂ ಬರೆದಿಲ್ಲ. ಇದು ಮೊದಲನೆಯ ಸಲ.

ತಮ್ಮಲ್ಲಿಗೆ ಬರಬೇಕಾದ ದಿನವನ್ನು ಎಣಿಸುವ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡೆ. ನಮ್ಮಲ್ಲಿ ದೂರದ ಗಾಡಿ ಹೊರಟ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದೇ ನಿಯಮ ತಮ್ಮಲ್ಲೂ ಇರುತ್ತದೆ ಎಂದುಕೊಂಡೆ, ವಿಚಾರಿಸಲಿಲ್ಲ. ಏಪ್ರಿಲ್ ಮೂರಕ್ಕೇ ಬರಬೇಕೆಂದಿದ್ದ ಅವಳು ನನ್ನ ಮಾತಿಗೆ ಬೆಲೆ ಕೊಟ್ಟು ಒಂಬತ್ತಕ್ಕೆ ಬಂದಳು. ಮೊದಲೇ ಹೊರಡಬಾರದೆಂದು ಹಟ ಹಿಡಿದವನು ನಾನು.

ವಿಳಂಬ: ಒಂದು ದಿನ. ಕಾರಣ: ನಿಯಂತ್ರಕ.

ಹಾಳೆ ಎರಡು

ಇನ್ನೊಂದು ವಿಳಂಬ ದಾಖಲಾಗಬೇಕಿದೆ. ಇದು ತಮ್ಮ ಕಚೇರಿಯ ವಿಷಯವಲ್ಲ ಎಂದು ಬಲ್ಲೆ. ಆದರೆ ಒಬ್ಬನೇ ನಿಯಂತ್ರಕನ ಎರಡು ತಪ್ಪುಗಳಲ್ಲಿ ಒಂದನ್ನು ಬರೆದು ಒಂದನ್ನು ಬಿಟ್ಟರೆ ಅದು ಸುಳ್ಳು ವರದಿಯಾಗುತ್ತದೆ.

ಈ ಮಗಳು ಮದುವೆಯಾದ ಮೇಲೆ ಮೂರು ಸಲ ಗಂಡನ ಮನೆಯಿಂದ ಚೀಲ ಹಿಡಿದು ನನ್ನ ನಿಲ್ದಾಣಕ್ಕೆ ಬಂದಳು. ಮೊದಲನೆಯ ಸಲ ನಾನು ಟೀ ಕುಡಿಸಿ, ವಾಪಸು ಹೋಗುವ ಹನ್ನೊಂದು ಇಪ್ಪತ್ತರ ಬಸ್ಸಿಗೆ ಹತ್ತಿಸಿದೆ. ಎರಡನೆಯ ಸಲ, "ಯಾವುದಕ್ಕೂ ಅದರದರ ವೇಳೆ ಇರುತ್ತೆ, ಇನ್ನೂ ಸ್ವಲ್ಪ ದಿನ ತಡಕೋ" ಎಂದು ಹೇಳಿ ಅದೇ ಬಸ್ಸಿಗೆ ಹತ್ತಿಸಿದೆ. ಮೂರನೆಯ ಸಲ ಬಂದಾಗ ಅವಳ ಮುಂದಿನ ಹಲ್ಲು ಅರ್ಧ ಮುರಿದಿತ್ತು. "ಬಚ್ಚಲಲ್ಲಿ ಜಾರಿಬಿದ್ದೆ" ಎಂದಳು. ಅದು ನಿಜವಲ್ಲ ಎಂದು ನನಗೆ ಗೊತ್ತಾಯಿತು. ಗೊತ್ತಾದದ್ದು ಅವಳಿಗೂ ಗೊತ್ತಾಯಿತು. ಅವತ್ತು ಬಸ್ಸಿನಲ್ಲಿ ಜನ ತುಂಬಿದ್ದರು. ಅವಳಿಗೆ ಕಿಟಕಿ ಪಕ್ಕ ಸೀಟು ಕೊಡಿಸಲು ಬಸ್ಸನ್ನು ನಾಲ್ಕು ನಿಮಿಷ ತಡೆದು ನಿಲ್ಲಿಸಿದೆ. ನನ್ನ ಸೇವೆಯಲ್ಲಿ ನಾನಾಗಿ ಬಸ್ಸು ತಡೆದದ್ದು ಅದೊಂದೇ ಸಲ. ಅದನ್ನೇ ಪ್ರೀತಿ ಎಂದುಕೊಂಡಿದ್ದೆ.

ನಾಲ್ಕನೆಯ ಸಲ ಅವಳು ನನ್ನ ಹತ್ತಿರ ಬರಲಿಲ್ಲ. ಒಂದು ಬಸ್ಸಿಂದ ಇಳಿದು, ನನ್ನ ಕ್ಯಾಬಿನ್ನಿನ ಮುಂದೆಯೇ ಹಾದು, ಬೇರೆ ಊರಿನ ಬಸ್ಸು ಹತ್ತಿದಳು. ನೋಡಿದೆ. ಕರೆಯಲಿಲ್ಲ. ಅಲ್ಲಿಂದ ಮುಂದೆ ಎಲ್ಲರ ಹತ್ತಿರವೂ ಅವಳು ದುಡುಕಿದಳು ಎಂದು ಹೇಳಿಕೊಂಡು ಬಂದಿದ್ದೇನೆ. ಅವಳು ಬೇಗ ಹೊರಡಲಿಲ್ಲ. ತಡವಾಗಿ ಹೊರಟಳು.

ವಿಳಂಬ (ಮೊದಲನೆಯ ಸಲ ಬಂದ ದಿನದಿಂದ): ಎರಡು ವರ್ಷ ನಾಲ್ಕು ತಿಂಗಳು. ಕಾರಣ: ನಿಯಂತ್ರಕ.

ಎರಡು ತಪ್ಪಿಗೂ ಗುರುತು ಹಾಕುವುದಿದ್ದರೆ ನನ್ನ ಹೆಸರಿಗೇ ಹಾಕಬೇಕು. ಅವಳ ಪಾಸ್‌ಪೋರ್ಟಿನಲ್ಲಿ ನನ್ನ ಹೆಸರೂ ಇದೆಯಂತೆ.

ತಮ್ಮ ವಿಧೇಯ,
ನಿವೃತ್ತ ಸಂಚಾರ ನಿಯಂತ್ರಕ

•

ಮೇ 21

ಅಪ್ಪಾ,

ಲಕೋಟೆ ನಾನು ತೆರೆಯಲಿಲ್ಲ. ಆದರೆ ಬೇರೆ ಭಾಷೆಯ ಕಾಗದವನ್ನು ಕಚೇರಿ ಹಾಗೆಯೇ ತೆಗೆದುಕೊಳ್ಳುವುದಿಲ್ಲ. ಸರ್ಕಾರದ ಪಟ್ಟಿಯಲ್ಲಿರುವ ಅನುವಾದಕರೇ ಮಾಡಿ ಮುದ್ರೆ ಹಾಕಬೇಕು. ನಮ್ಮ ಭಾಷೆಗೆ ಇಲ್ಲಿ ಇರುವವರು ಒಬ್ಬರೇ, ನಿವೃತ್ತ ಟೀಚರಮ್ಮ. ಅವರು ಮೊದಲ ಹಾಳೆ ಓದುತ್ತಾ ಎಮ್ಮೆ ಬಂದ ಜಾಗದಲ್ಲಿ ನಕ್ಕರು. ಎರಡನೆಯದನ್ನು ಅರ್ಧ ಓದಿ ಕೆಳಗಿಟ್ಟರು.

"ಇದನ್ನ ನೀನು ಓದಿದೀಯೇನಮ್ಮ?"

"ಇಲ್ಲ, ತೆರೀಬೇಡ ಅಂದಿದ್ದಾರೆ."

"ನಾನು ಒಂದು ಸಾಲೂ ಬಿಡೋ ಹಾಗಿಲ್ಲ. ಬಿಟ್ಟರೆ ಮುದ್ರೆ ಹಾಕೋಕಾಗಲ್ಲ. ಅವರು ಓದೋಕೆ ಮುಂಚೆ ನೀನೇ ಓದಿಬಿಡು" ಎಂದು ಹಾಳೆಯನ್ನು ನನ್ನ ಕಡೆ ತಿರುಗಿಸಿ, ನೀರು ತರುವ ನೆಪದಲ್ಲಿ ಒಳಗೆ ಹೋದರು. ತುಂಬ ಹೊತ್ತು ಬರಲಿಲ್ಲ.

ಓದಿದಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಮೈಯೆಲ್ಲ ಉರಿಯುವ ಸಿಟ್ಟು. ಆ ನಾಲ್ಕು ನಿಮಿಷ ನನಗೆ ಗೊತ್ತಿಲ್ಲವೇ? ಕಿಟಕಿಯಿಂದ ನಿಮ್ಮನ್ನೇ ನೋಡುತ್ತಿದ್ದೆ. ಬಸ್ಸು ನಿಂತೇ ಇದೆ, ನೀವು ಕಂಡಕ್ಟರನಿಗೆ ಕೈ ಅಡ್ಡ ಹಿಡಿದಿದ್ದೀರಿ, ಇನ್ನೇನು ನನ್ನ ಕಡೆ ತಿರುಗಿ "ಇಳಿ ಮಗಳೇ" ಅಂತೀರಿ ಎಂದುಕೊಂಡೆ. ಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಿದ್ದೆ. ನೀವು ಸೀಟಿ ಊದಿದಿರಿ. ಅಷ್ಟು ಹೊತ್ತು ತಡೆದವರು ಇಳಿಸಿಕೊಳ್ಳಬಾರದಿತ್ತೇ ಅಪ್ಪ? ಟೀಚರಮ್ಮನ ಮೇಜಿನ ಮುಂದೆ ಕೂತು, ಏಳು ವರ್ಷದಲ್ಲಿ ಅಳದೇ ಉಳಿದದ್ದನ್ನೆಲ್ಲ ಅತ್ತು ಮುಗಿಸಿದೆ.

ಹತ್ತೊಂಬತ್ತಕ್ಕೆ ವಿಚಾರಣೆ ಆಯಿತು. ಎರಡು ಕನ್ನಡಕದವರೂ ಇದ್ದರು, ಅವರ ಮೇಲಿನ ಅಧಿಕಾರಿಯೊಬ್ಬರೂ ಇದ್ದರು. ನಾನು ಬರೆದುಕೊಂಡು ಹೋಗಿದ್ದ 'ಮರೆತೆ' ಎಂಬ ಕಾಗದವನ್ನು ಚೀಲದಿಂದ ತೆಗೆಯಲಿಲ್ಲ. ನಿಮ್ಮದನ್ನೇ ಕೊಟ್ಟೆ. ಇಬ್ಬರೂ ತಲೆ ಸೇರಿಸಿ ಓದಿದರು. ಮೇಲಧಿಕಾರಿ ಒಮ್ಮೆ ನನ್ನ ಮುಖ ನೋಡಿದರು, ಬಾಯಿ ನೋಡಿದರು, ಮತ್ತೆ ಹಾಳೆ ನೋಡಿದರು. ಹಲ್ಲು ನಾನೇ ಮಾಡಿ ಹಾಕಿಕೊಂಡದ್ದು, ಗೊತ್ತಾಗುವ ಹಾಗಿಲ್ಲ.

ಮೊದಲ ಹಾಳೆಯ ಮೇಲೆ, ಕಾರಣ ಒಪ್ಪಿದೆ ಎಂದು ಬರೆದು ಮುದ್ರೆ ಒತ್ತಿದರು. ಇನ್ನೊಂದು ವರ್ಷ ಸಿಕ್ಕಿತು. ಕೇಳಿಸಿತೇ ಅಪ್ಪ? ಬೆಂಚು, ದೀಪ, ಚಿಲಕ ಎಲ್ಲವೂ ಇನ್ನೊಂದು ವರ್ಷ ನನ್ನದೇ. ಅತ್ತೆಗೆ ಮೊದಲು ಹೇಳಿ, ಪಾಪ ಮಾತಾಡಲಿ.

ಅದಾದ ಮೇಲೆ ಎರಡನೇ ಹಾಳೆಯ ವಿಷಯ ಬಂತು. ಎರಡು ಕನ್ನಡಕದವರು ಅದನ್ನೂ ಫೈಲಿಗೆ ಸೇರಿಸಲು ಹೋದರು. ಮೇಲಧಿಕಾರಿ ತಡೆದರು.

"ಇದು ನಮಗೆ ಬಂದಿದ್ದಲ್ಲ" ಅಂದರು. "ಬೇರೆಯವರಿಗೆ ಸೇರಬೇಕಾದ್ದನ್ನ ನಾವು ಇಟ್ಕೊಳ್ಳೋ ಹಾಗಿಲ್ಲ. ಸೇರಬೇಕಾದವರಿಗೆ ಕೊಟ್ಟು ಸಹಿ ತಗೊಳ್ಳಿ."

ಪಿನ್ನು ಬಿಚ್ಚಿ ಹಾಳೆಯನ್ನು ಬೇರೆ ಮಾಡಿದರು. ಒಂದು ದಪ್ಪ ರಿಜಿಸ್ಟರು ತೆಗೆದು ನನ್ನ ಕಡೆ ತಿರುಗಿಸಿದರು. ಅದರಲ್ಲಿ ತಾರೀಕು, ಕಾಗದ ಯಾರಿಂದ, ಯಾರಿಗೆ, ಕೊನೆಯಲ್ಲಿ ಸಹಿಯ ಜಾಗ. 'ಯಾರಿಂದ' ಎಂಬಲ್ಲಿ 'ತಂದೆ' ಎಂದು ಬರೆದಿದ್ದರು. 'ಯಾರಿಗೆ' ಎಂಬಲ್ಲಿ 'ಮಗಳು' ಎಂದು ಬರೆದು, ಸರಿಯೇ ಎಂಬಂತೆ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಪೆನ್ನು ಕೊಟ್ಟರು. ಅವಸರ ಮಾಡಲಿಲ್ಲ.

ನಿನ್ನೆಯಿಂದ ಈ ಕಾಗದವನ್ನು ನಾಲ್ಕು ಸಲ ಶುರು ಮಾಡಿ ಹರಿದು ಹಾಕಿದ್ದೇನೆ. ಕ್ಷಮಿಸಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ಮುಂದೆ ಬಂದೀತು, ಬಾರದೆಯೂ ಇದ್ದೀತು, ನನಗೆ ಗೊತ್ತಿಲ್ಲ. ಸುಳ್ಳು ಬರೆದು ಕಳಿಸಲು ಮನಸ್ಸಿಲ್ಲ. ಆದರೆ ನಿಮ್ಮ ಹಾಳೆ ಎಲ್ಲಿ ಹೋಯಿತೋ, ಯಾರ ಕೈ ಸೇರಿತೋ ಎಂದು ನೀವು ಅಲ್ಲಿ ಚಡಪಡಿಸುತ್ತಾ ಕೂರಬಾರದು.

ನನಗೇ ಸೇರಿದೆ ಅಪ್ಪ. ಸಹಿ ಮಾಡಿ ತೆಗೆದುಕೊಂಡಿದ್ದೇನೆ.

ನಿಮ್ಮ ಮಗಳು